ಕೆರೆ ನೋಡಿಕೊಳ್ಳುವುದು

ನಮ್ಮ ಕಡೆ ಹೆಂಗಸರ ಜಗಳ ಒಂದು ಹದಕ್ಕೆ ಬಂತೆಂದರೆ ಕೊನೆಗೆ ಹೊರಡುವ ಮಾತು ಒಂದೇ: ‘ನಾನು ಕೆರೆನೋ ಬಾವಿನೋ ನೋಡ್ಕೋತೀನಿ.’ ಹಾಗೆಂದವರಲ್ಲಿ ಬಹುಪಾಲು ಜನ ಮರುದಿನ ಬೆಳಿಗ್ಗೆ ಎದ್ದು ದೋಸೆಹಿಟ್ಟು ಕದಡುತ್ತಿರುತ್ತಾರೆ, ಅದು ಬೇರೆ ವಿಷಯ. ಆದರೆ ನಿಜಕ್ಕೂ ನೋಡಿಕೊಂಡವರೂ ಇದ್ದಾರೆ. ಪ್ರತಿ ಊರಿನ ಕೆರೆಗೂ ಅಂಥ ಒಂದೆರಡು ಹೆಸರು ಅಂಟಿಕೊಂಡಿರುತ್ತದೆ. ಸಂಜೆ ಹೊತ್ತು ಆ ಏರಿಯ ಮೇಲೆ ಹೋಗುವಾಗ ದೊಡ್ಡವರು ಮಕ್ಕಳ ಕೈ ಬಿಗಿಯಾಗಿ ಹಿಡಿಯುತ್ತಾರೆ. ಕೆರೆಗೆ ಹಾರವಾದ ಭಾಗೀರಥಿಯ ಕಥೆಯನ್ನು ಕೇಳಿಕೊಂಡೇ ಬೆಳೆದವರು ನಾವು. ಹೆಣ್ಣು ಕೆರೆಗೆ ಹೋದಳು ಎಂದರೆ ಕೊಡ ಹೊತ್ತು ಹೋಗಿರಬೇಕು, ಇಲ್ಲವೇ ಬಟ್ಟೆಯ ಗಂಟು ಹೊತ್ತು. ಎರಡೂ ಅಲ್ಲದಿದ್ದರೆ ಮೂರನೆಯದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಹೀಗಿರುವಾಗ ಕೆನಡಾದಲ್ಲಿರುವ ಮಗಳು ಒಂದು ರಾತ್ರಿ ಫೋನು ಮಾಡಿ, ‘ಅಮ್ಮಾ, ಶನಿವಾರ ಕೆರೆಗೆ ಇಳೀತಿದೀನಿ, ಫೋನ್ ಸಿಗಲ್ಲ, ಗಾಬರಿಯಾಗ್ಬೇಡ’ ಎಂದರೆ ನನಗೆ ಏನಾಗಿರಬೇಡ! ಕೈಯಲ್ಲಿದ್ದ ಸೌಟು ಕೆಳಗಿಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಗಂಡನ ಜೊತೆ ಏನಾದರೂ ಆಯಿತೇ ಎಂದು ಕೇಳಿದೆ. ಅವಳು ನಕ್ಕಳು. ಅವಳು ಸ್ಕೂಬಾ ಡೈವಿಂಗ್ ಕಲಿತಿದ್ದಳು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಬಾಯಿಗೆ ನಳಿಗೆ ಕಚ್ಚಿಕೊಂಡು ನೀರಿನಡಿ ಮುಕ್ಕಾಲು ಗಂಟೆ ಅಡ್ಡಾಡಿ ಬರುವ ವಿದ್ಯೆ. ಸಿಲಿಂಡರಿನಲ್ಲಿ ಇರುವುದು ಆಸ್ಪತ್ರೆಯ ಆಕ್ಸಿಜನ್ ಎಂದೇ ನಾನು ತಿಳಿದಿದ್ದೆ. ಅಲ್ಲವಂತೆ, ನಾವು ಉಸಿರಾಡುವ ಗಾಳಿಯನ್ನೇ ಒತ್ತಿ ಒತ್ತಿ ತುಂಬಿರುತ್ತಾರಂತೆ.

ಸಮುದ್ರಕ್ಕೆ ಇಳಿಯುತ್ತೇನೆ ಎಂದಿದ್ದರೆ ನನಗೆ ಅರ್ಥವಾಗುತ್ತಿತ್ತು. ಈಗ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗಿ ಬರುವ ಹೊಸ ಜೋಡಿಗಳನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಅವರ ಫೋಟೋಗಳಲ್ಲಿ ಹಳದಿ ಮೀನು, ಪಟ್ಟೆ ಮೀನು, ಹವಳ. ಕೊಟ್ಟ ದುಡ್ಡಿಗೆ ಬಣ್ಣ ಸಿಗುತ್ತದೆ. ಆದರೆ ಸಿಹಿನೀರಿನ ಸರೋವರದೊಳಗೆ ಏನಿದೆ? ಕೆಸರು, ಪಾಚಿ, ಕತ್ತಲೆ, ಮೈ ಕೊರೆಯುವ ಚಳಿ. ಡೈವಿಂಗ್ ಮಾಡುವವರಲ್ಲೇ ಅನೇಕರು ಹೀಗೆ ಮೂಗು ಮುರಿಯುತ್ತಾರಂತೆ. ಸರೋವರವೆಂದರೆ ಸಮುದ್ರಕ್ಕೆ ಹೋಗುವ ಮುಂಚೆ ಅಭ್ಯಾಸ ಮಾಡುವ ಜಾಗ ಅಷ್ಟೇ ಎಂದು. ವಿಚಿತ್ರವೆಂದರೆ ಈ ವಿದ್ಯೆ ಹುಟ್ಟಿದ್ದೇ ಸಿಹಿನೀರಿನಲ್ಲಿ. ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾ ಎಂಬಿಬ್ಬರು 1943ರಲ್ಲಿ ತಮ್ಮ ಉಸಿರಾಟದ ಯಂತ್ರವನ್ನು ಮೊದಲು ಪರೀಕ್ಷಿಸಿದ್ದು ಸಮುದ್ರದಲ್ಲಲ್ಲ, ಪ್ಯಾರಿಸಿನ ಹತ್ತಿರದ ಮಾರ್ನ್ ನದಿಯಲ್ಲಿ.

‘ನೀನೇ ಬಂದು ನೋಡು’ ಎಂದಳು ಮಗಳು. ಒಂದು ಆಗಸ್ಟಿನಲ್ಲಿ ಹೋದೆ.

ಟೊರಾಂಟೋದಿಂದ ಕಾರಿನಲ್ಲಿ ನಾಲ್ಕು ತಾಸಿನ ದಾರಿ, ಟೋಬರ್ಮೊರಿ ಎಂಬ ಪುಟ್ಟ ಊರು. ಬ್ರೂಸ್ ಪರ್ಯಾಯದ್ವೀಪದ ತುತ್ತತುದಿ. ಅವಳು ಸಲೀಸಾಗಿ ‘ಕೆರೆ’ ಎನ್ನುತ್ತಿದ್ದದ್ದು ಹ್ಯೂರನ್ ಸರೋವರ. ಹೆಚ್ಚುಕಡಿಮೆ ನಮ್ಮ ಕರ್ನಾಟಕದ ಮೂರರಲ್ಲಿ ಒಂದು ಪಾಲಿನಷ್ಟು ದೊಡ್ಡದು, ಆಚೆ ದಡ ಕಾಣುವುದಿಲ್ಲ. ನಮ್ಮೂರಿನ ಹೆಸರು ಸಾಗರ, ಆದರೆ ಆ ಹೆಸರು ಬಂದದ್ದು ಒಂದು ಕೆರೆಯಿಂದ. ಅಲ್ಲಿ ಸಾಗರದಂಥದ್ದಕ್ಕೆ ನನ್ನ ಮಗಳು ಕೆರೆ ಎನ್ನುತ್ತಾಳೆ. ಲೆಕ್ಕ ಸರಿಹೋಯಿತು ಅಂದುಕೊಂಡೆ.

ಅಲ್ಲಿನ ಸುತ್ತಲ ನೀರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಡಗುಗಳು ಮುಳುಗಿವೆ. 1987ರಲ್ಲಿ ಕೆನಡಾ ಸರ್ಕಾರ ಅದನ್ನೆಲ್ಲ ಸೇರಿಸಿ ‘ಫ್ಯಾದಮ್ ಫೈವ್’ ಎಂಬ ರಾಷ್ಟ್ರೀಯ ಜಲೋದ್ಯಾನ ಮಾಡಿತು. ಬಂದರಿನೊಳಗೇ, ದಡದಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಆರೇಳು ಮೀಟರ್ ಆಳದಲ್ಲಿ ‘ಸ್ವೀಪ್‌ಸ್ಟೇಕ್ಸ್’ ಎಂಬ ಹಾಯಿಹಡಗು ಕೂತಿದೆ. ಎರಡು ಕಂಬದ ಮರದ ಹಡಗು. 1867ರಲ್ಲಿ ಕಟ್ಟಿದ್ದು, ಕಲ್ಲಿದ್ದಲು ಸಾಗಿಸುತ್ತಿದ್ದದ್ದು. 1885ರಲ್ಲಿ ಹತ್ತಿರದ ದ್ವೀಪವೊಂದರ ಬಳಿ ಪೆಟ್ಟು ತಿಂದು, ಎಳೆದು ತಂದು ಬಂದರಿನಲ್ಲಿ ನಿಲ್ಲಿಸಿದಾಗ ಅಲ್ಲೇ ಮುಳುಗಿತು. ತಳದಲ್ಲಿ ಗಾಜು ಹಾಕಿದ ದೋಣಿಗಳಲ್ಲಿ ನನ್ನಂಥವರನ್ನು ಕೂರಿಸಿ ಅದರ ಮೇಲೆ ಕರೆದೊಯ್ಯುತ್ತಾರೆ. ದೋಣಿಗಳಿಗೆ ಒಂದು ವೇಳೆ, ಮುಳುಗುವವರಿಗೆ ಒಂದು ವೇಳೆ.

ಗಾಜಿನ ಮೂಲಕ ಬಗ್ಗಿ ನೋಡಿದೆ. ನೀರು ಹಸಿರುನೀಲಿ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ, ಕತ್ತಲ ಕೋಣೆಗೆ ಕಣ್ಣು ಒಗ್ಗಿದ ಹಾಗೆ, ಹಲಗೆಗಳು ಕಂಡವು. ಒಂದರ ಪಕ್ಕ ಒಂದು, ನಮ್ಮ ಅಟ್ಟದ ಹಲಗೆಗಳ ಹಾಗೆಯೇ ಜೋಡಿಸಿದ್ದು. ಮೂತಿಯ ಕಡೆ ಲಂಗರಿನ ಸರಪಳಿ ಸುತ್ತುವ ರಾಟೆ. ನೂರನಲವತ್ತು ವರ್ಷ ನೀರಿನಲ್ಲಿದ್ದ ಮರ! ನಮ್ಮ ಮನೆಯ ಕಟ್ಟಿಗೆ ಕೊಟ್ಟಿಗೆಯ ಕಂಬ ಎರಡು ಮಳೆಗಾಲಕ್ಕೆ ಬುಡ ಕೊಳೆಯಿತು.

ಮಗಳ ಮಾತಿನಿಂದ ಆಮೇಲೆ ತಿಳಿಯಿತು. ಸಮುದ್ರದ ಉಪ್ಪುನೀರಿನಲ್ಲಿ ಮರವನ್ನು ಕೊರೆದು ತಿನ್ನುವ ಹಡಗುಹುಳು ಇರುತ್ತದೆ. ಅದು ಹುಳುವಿನಂತೆ ಕಾಣುವ ಒಂದು ಜಾತಿಯ ಚಿಪ್ಪುಜೀವಿ. ಎಂಥ ಹಡಗನ್ನಾದರೂ ಕೆಲವು ದಶಕಗಳಲ್ಲಿ ಜಾಲರಿ ಮಾಡುತ್ತದೆ. ಸಿಹಿನೀರಿನ ಸರೋವರದಲ್ಲಿ ಅದಕ್ಕೆ ಬದುಕಿಲ್ಲ. ಸಾಲದ್ದಕ್ಕೆ ಚಳಿ. ಬೇಸಗೆಯಲ್ಲೂ ಮೇಲಿನ ಕೆಲವು ಮೀಟರು ಮಾತ್ರ ಬೆಚ್ಚಗೆ. ಅದರ ಕೆಳಗೆ ಒಂದು ಗೆರೆ ಎಳೆದ ಹಾಗೆ ನೀರು ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ. ಆಳಕ್ಕೆ ಹೋದಷ್ಟೂ ನಾಲ್ಕು ಡಿಗ್ರಿಯ ಹತ್ತಿರ, ಏಕೆಂದರೆ ನೀರು ಅತ್ಯಂತ ಭಾರವಾಗುವುದು ಆ ನಾಲ್ಕು ಡಿಗ್ರಿಯಲ್ಲಿ. ಭಾರದ ನೀರು ತಳ ಸೇರುತ್ತದೆ. ಕೆರೆಯಲ್ಲಿ ಈಜಿ ಬಲ್ಲವರಿಗೆ ಇದು ಹೊಸದಲ್ಲ. ಎದೆಯ ಮಟ್ಟ ಹಿತವಾಗಿರುವಾಗಲೇ ಪಾದಕ್ಕೆ ಫಕ್ಕನೆ ಬೇರೆಯದೇ ನೀರು ತಗಲುತ್ತದೆ. ಮಗಳಿಗೆ ಎಲ್ಲಕ್ಕಿಂತ ಇಷ್ಟ ಆ ಗೆರೆಯಂತೆ. ‘ಬಾಗಿಲು ದಾಟಿದ ಹಾಗೆ ಅಮ್ಮ. ಆಚೆ ಶಬ್ದ ಇಲ್ಲ, ಅವಸರ ಇಲ್ಲ. ಸಮುದ್ರ ಎಲ್ಲವನ್ನೂ ತಿಂದು ಹಾಕುತ್ತೆ, ಇದು ಇಟ್ಟುಕೊಳ್ಳುತ್ತೆ.’

ಆ ಸಂಜೆ ಅವಳು ಇಳಿದಳು. ಉದ್ಯಾನದವರಲ್ಲಿ ಮೊದಲೇ ಹೆಸರು ಬರೆಸಿದ್ದಳು. ದಪ್ಪ ರಬ್ಬರಿನ ಉಡುಪಿನೊಳಗೆ ಅವಳು ತೂರಿಕೊಳ್ಳುವುದನ್ನು ನೋಡಿ ಚಿಕ್ಕಂದಿನಲ್ಲಿ ಸ್ವೆಟರು ಹಾಕಿಸಿಕೊಳ್ಳಲು ಒದ್ದಾಡುತ್ತಿದ್ದದ್ದು ನೆನಪಾಯಿತು. ಸಂಗಾತಿಯ ಜೊತೆ ನೀರಿಗೆ ಜಾರಿದಳು. ನಾನು ದಡದ ಬಂಡೆಯ ಮೇಲೆ ಕೂತೆ. ಗುಳ್ಳೆಗಳು ಏಳುತ್ತಿದ್ದವು. ಗುಳ್ಳೆ ಇರುವ ತನಕ ಮಗಳಿದ್ದಾಳೆ. ನಲವತ್ತು ನಿಮಿಷ ನಾನು ಮಾಡಿದ ಕೆಲಸ ಆ ಗುಳ್ಳೆ ಕಾಯುವುದೊಂದೇ. ಮೇಲೆ ಬಂದವಳ ತುಟಿ ನೀಲಿಯಾಗಿತ್ತು, ಮುಖ ಮಾತ್ರ ದೇವಸ್ಥಾನದಿಂದ ಬಂದವರ ಹಾಗಿತ್ತು. ಏನು ತಂದೆ ಎಂದು ಕೇಳಿದೆ, ಹೊಳೆಗೆ ಹೋದ ಮಕ್ಕಳನ್ನು ಕೇಳುವ ಹಾಗೆ. ಏನೂ ತರುವ ಹಾಗಿಲ್ಲವಂತೆ. ಒಂದು ಮೊಳೆಯನ್ನು ಕೂಡ.

ನನ್ನ ತಲೆಯೊಳಗೆ ಹುಳ ಹೊಕ್ಕದ್ದು ಆಗ.

ಏನೂ ತರಬಾರದು ಎಂಬ ನಿಯಮ ಮೊದಲಿನಿಂದ ಇದ್ದದ್ದಲ್ಲ. ಸ್ಕೂಬಾ ಜನಪ್ರಿಯವಾದ ಆರಂಭದ ದಶಕಗಳಲ್ಲಿ ಆ ಮಹಾಸರೋವರಗಳಿಗೆ ಇಳಿದವರು ಹಡಗಿನ ಕಿಟಕಿಚೌಕಟ್ಟು, ತಟ್ಟೆ ಬಟ್ಟಲು, ಚುಕ್ಕಾಣಿ, ಲಂಗರು ಎಲ್ಲವನ್ನೂ ಹೊತ್ತು ತಂದರು. ಮನೆಯ ಶೋಕೇಸಿನಲ್ಲಿಟ್ಟರು. ಬೇಡವೆಂದು ಬಿಟ್ಟದ್ದಲ್ಲವೇ, ಯಾರ ಅಪ್ಪನ ಮನೆಯ ಸ್ವತ್ತು ಎಂಬ ವಾದ. ಆಮೇಲೆ ಕಾನೂನು ಬಂತು. ಅಮೆರಿಕದ 1987ರ ಕಾಯಿದೆ ತಮ್ಮ ನೀರಿನೊಳಗಿನ ಅನಾಥ ಹಡಗುಗಳನ್ನು ಆಯಾ ರಾಜ್ಯಗಳ ಸ್ವತ್ತಾಗಿಸಿತು. ತೆಗೆದುಕೊಳ್ಳುವುದು ತಪ್ಪು. ಇದರಲ್ಲಿ ಚರ್ಚೆ ಇಲ್ಲ, ಕಳವು ಕಳವೇ.

ಮುಟ್ಟುವುದು? ಅದಕ್ಕೂ ಉತ್ತರ ಸುಲಭ. ಆಸ್ಟ್ರಿಯಾದಲ್ಲಿ ‘ಹಸಿರು ಸರೋವರ’ ಎಂದೇ ಹೆಸರಾದ ಒಂದು ಪುಟ್ಟ ಕೊಳ ಇದೆ. ಚಳಿಗಾಲದಲ್ಲಿ ಅದರ ದಡವೆಲ್ಲ ಹುಲ್ಲುಹಾಸು, ಕಾಲುದಾರಿ, ಕೂರುವ ಬೆಂಚು. ವಸಂತದಲ್ಲಿ ಬೆಟ್ಟದ ಹಿಮ ಕರಗಿ ನೀರು ಏರಿ ಆ ಬೆಂಚು, ದಾರಿ, ಪುಟ್ಟ ಸೇತುವೆ ಎಲ್ಲವೂ ಮುಳುಗುತ್ತವೆ. ನೀರು ಗಾಜಿನಂಥದ್ದು; ಹುಲ್ಲು ಹಾಗೇ ನಿಂತಿರುತ್ತದೆ. ನೀರಿನಡಿಯ ಬೆಂಚಿನ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಲು ಎಲ್ಲೆಲ್ಲಿಂದಲೋ ಜನ ಬಂದರು. ಬಂದವರ ಕಾಲಿಗೆ ಸಿಕ್ಕಿ ಆ ಕೊಳ ಸೋತಿತು. 2016ರಿಂದ ಅಲ್ಲಿ ಮುಳುಗುವುದೇ ನಿಷೇಧ. ಯಾರೂ ಕೆಟ್ಟ ಉದ್ದೇಶದಿಂದ ಹೋದವರಲ್ಲ. ಚೆಂದ ಎಂದೇ ಹೋದವರು.

ಆದರೆ ಬರೀ ನೋಡುವುದು? ತೆಗೆಯದೆ, ಮುಟ್ಟದೆ ನೋಡಿ ಬರುವುದರಲ್ಲಿ ತಪ್ಪೇನಿದೆ ಎಂಬುದು ಮಗಳ ಪ್ರಶ್ನೆ. ಮೇಲ್ನೋಟಕ್ಕೆ ಸರಿಯೇ. ನನಗೆ ಮಾತ್ರ ಒಪ್ಪಿಬಿಡಲು ಆಗಲಿಲ್ಲ. ಸಾವಿನ ಮನೆಯ ಬಾಗಿಲಲ್ಲಿ ನಿಂತು ಒಳಗೆ ಇಣುಕುವವರನ್ನು ನಾವು ಏನನ್ನುತ್ತೇವೆ? ಅವರೂ ಏನನ್ನೂ ಮುಟ್ಟಿರುವುದಿಲ್ಲ.

ಆಗ ಅವಳು ಒಂದು ಹಡಗಿನ ಕಥೆ ಹೇಳಿದಳು, ತನ್ನ ವಾದಕ್ಕೆ ವಿರುದ್ಧವಾದದ್ದನ್ನು ತಾನೇ. (ಈ ಗುಣ ಅವಳಿಗೆ ಅವಳಪ್ಪನಿಂದ ಬಂದದ್ದಲ್ಲ.) ‘ಎಡ್ಮಂಡ್ ಫಿಟ್ಜ್‌ಜೆರಾಲ್ಡ್’ ಎಂಬ ಭಾರೀ ಸರಕು ಹಡಗು 1975ರ ನವೆಂಬರ್ 10ರ ಬಿರುಗಾಳಿಯಲ್ಲಿ ಸುಪೀರಿಯರ್ ಸರೋವರದಲ್ಲಿ ಮುಳುಗಿತು. ಇಪ್ಪತ್ತೊಂಬತ್ತು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ, ಒಂದು ದೇಹವೂ ಮೇಲೆ ಬರಲಿಲ್ಲ. ಅಷ್ಟು ತಣ್ಣನೆಯ ನೀರಿನಲ್ಲಿ ದೇಹ ಕೊಳೆತು ಗಾಳಿ ತುಂಬಿ ಮೇಲೇಳುವುದಿಲ್ಲ. ಸರೋವರ ಇಟ್ಟುಕೊಳ್ಳುತ್ತದೆ ಎಂದಿದ್ದಳಲ್ಲ, ಮನುಷ್ಯರನ್ನೂ ಇಟ್ಟುಕೊಳ್ಳುತ್ತದೆ. 1994ರಲ್ಲಿ ಕೆಳಗಿಳಿದ ಒಂದು ತಂಡ ಹಡಗಿನ ಬಳಿ ಒಬ್ಬರ ಶವವನ್ನು ಕಂಡು ಚಿತ್ರ ತೆಗೆಯಿತು. ಮನೆಯವರಿಗೆ ಸಿಡಿಲು ಹೊಡೆದಂತಾಯಿತು. ಹತ್ತೊಂಬತ್ತು ವರ್ಷ ಕಳೆದಿತ್ತು, ಅತ್ತು ಮುಗಿದಿತ್ತು, ಈಗ ಯಾರೋ ಅಪರಿಚಿತರ ಕ್ಯಾಮೆರಾದಲ್ಲಿ ಅದು ಯಾರ ಗಂಡ, ಯಾರ ಮಗ?

ಮರುವರ್ಷವೇ, 1995ರ ಜುಲೈಯಲ್ಲಿ, ಆ ಮನೆಯವರ ಬೇಡಿಕೆಯಂತೆ ಹಡಗಿನ ಗಂಟೆಯನ್ನು ಮೇಲೆ ತಂದರು. ಅದರ ಜಾಗದಲ್ಲಿ ಇಪ್ಪತ್ತೊಂಬತ್ತು ಹೆಸರು ಕೆತ್ತಿದ ಹೊಸ ಗಂಟೆಯೊಂದನ್ನು ಇಳಿಸಿ ಕೂರಿಸಿದರು. ಹಳೆಯ ಗಂಟೆ ಮಿಷಿಗನ್ನಿನ ವೈಟ್‌ಫಿಶ್ ಪಾಯಿಂಟ್ ಎಂಬಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಹಡಗು ಬಿದ್ದಿರುವುದು ಕೆನಡಾದ ಪಾಲಿನ ನೀರಿನಲ್ಲಿ. 2006ರಿಂದ ಪರವಾನಗಿ ಇಲ್ಲದೆ ಅಲ್ಲಿಗೆ ಇಳಿಯುವಂತಿಲ್ಲ.

ಈ ಕಥೆ ನನ್ನನ್ನು ಬಹಳ ದಿನ ಕಾಡಿತು. ಗಂಟೆ ತೆಗೆದದ್ದು ‘ತೆಗೆಯುವುದೇ’, ಆದರೂ ಅದು ಕಳವಲ್ಲ. ಚಿತ್ರ ತೆಗೆದವರು ಏನನ್ನೂ ತೆಗೆಯಲಿಲ್ಲ, ಆದರೂ ಏನನ್ನೋ ಕದ್ದರು. ಹಾಗಾದರೆ ಕೈಯಿಂದ ಅಳೆಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯಾರ ದುಃಖವೋ ಅವರು ಬೇಕೆಂದರೇ, ಬೇಡವೆಂದರೇ ಎಂದು ಕೇಳಬೇಕು. ಕೇಳಲು ಯಾರೂ ಉಳಿದಿಲ್ಲದಿದ್ದರೆ? ಸ್ವೀಪ್‌ಸ್ಟೇಕ್ಸಿನ ನಾವಿಕರ ಮೊಮ್ಮಕ್ಕಳ ಮಕ್ಕಳು ಎಲ್ಲಿದ್ದಾರೋ. ಅಂಥಲ್ಲಿ ಕಾಲವೇ ಅಪ್ಪಣೆ ಕೊಡುತ್ತದೆ ಎನ್ನುತ್ತಾಳೆ ಮಗಳು. ಎಷ್ಟು ಕಾಲ ಎಂದು ಅವಳಿಗೂ ಹೇಳಲಾಗಲಿಲ್ಲ.

ಇನ್ನೊಂದು ಮಾತನ್ನು ಇಲ್ಲಿ ಸೇರಿಸಬೇಕು. ಹ್ಯೂರನ್ನಿನ ನೀರು ಇಷ್ಟು ತಿಳಿಯಾಗಿ ಕಾಣುವುದಕ್ಕೆ ಒಂದು ಅನಾಹುತವೂ ಕಾರಣ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯ ಪಟ್ಟೆಚಿಪ್ಪು ಎಂಬ ಬೆರಳುಗುರಿನಷ್ಟು ಜೀವಿ ಹಡಗುಗಳ ಹೊಟ್ಟೆಯ ನೀರಿನಲ್ಲಿ ಅಲ್ಲಿಗೆ ಬಂದಿಳಿಯಿತು; 1988ರಲ್ಲಿ ಅದು ಮೊದಲು ಕಣ್ಣಿಗೆ ಬಿತ್ತು. ಒಂದೊಂದು ಚಿಪ್ಪು ದಿನಕ್ಕೆ ಸುಮಾರು ಒಂದು ಲೀಟರ್ ನೀರು ಸೋಸುತ್ತದೆ. ಅದೂ ಅದರ ದಾಯಾದಿ ಇನ್ನೊಂದು ಚಿಪ್ಪೂ ಸೇರಿ ಕೋಟಿಗಟ್ಟಲೆಯಾಗಿ ಸರೋವರವನ್ನೇ ಸೋಸಿಬಿಟ್ಟವು. ಮೀನಿನ ಮರಿಗಳ ಅನ್ನ ಹೋಯಿತು, ನೀರು ಕನ್ನಡಿಯಾಯಿತು. ಕೊನೆಗೆ ಅದೇ ಚಿಪ್ಪುಗಳು ಹಡಗುಗಳ ಮೇಲೆ ಗೆಜ್ಜೆ ಕಟ್ಟಿದಂತೆ ದಟ್ಟವಾಗಿ ಕೂತು ಅವನ್ನು ಮುಚ್ಚುತ್ತಿವೆ. ಕಾಣುವಂತೆ ಮಾಡಿದ್ದೂ ಅವೇ, ಮುಚ್ಚುತ್ತಿರುವುದೂ ಅವೇ. ಈಗ ನೋಡದಿದ್ದರೆ ಮುಂದೆ ನೋಡಲು ಉಳಿಯುವುದಿಲ್ಲ ಎಂಬ ಮಗಳ ಆತುರ ಸುಳ್ಳಲ್ಲ.

ಇಷ್ಟೆಲ್ಲ ನನಗೇಕೆ ಮುಖ್ಯವಾಯಿತು ಎಂದರೆ, ನಮ್ಮ ಮನೆಯಲ್ಲೂ ಒಬ್ಬರ ಹಡಗು ನೀರಿನಡಿ ಇದೆ.

ನಮ್ಮತ್ತೆಯ ತವರು ಶರಾವತಿ ದಂಡೆಯ ಒಂದು ಹಳ್ಳಿ. ಮೊದಲು 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಬಂತು. ಆಗ ಹಳ್ಳಿ ಉಳಿಯಿತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ. ಅದರ ನೀರು ಹಳೆಯ ಅಣೆಕಟ್ಟನ್ನೇ ನುಂಗಿತು. ಅತ್ತೆಯ ತವರೇನು ಲೆಕ್ಕ? ಸಾವಿರಾರು ಸಂಸಾರಗಳು ಎದ್ದವು. ಅಲ್ಲಿ ಹುಟ್ಟಿದ ಕರೆಂಟಿನ ಬೆಳಕಿನಲ್ಲಿ ನಾವೆಲ್ಲ ಓದಿ ಪಾಸಾದೆವು. ಅತ್ತೆ ಆಗಷ್ಟೇ ಮದುವೆಯಾಗಿ ಬಂದಿದ್ದರು. ತವರಿಗೆ ಮೊದಲ ಬಾಣಂತನಕ್ಕೆ ಹೋಗುವ ಹೊತ್ತಿಗೆ ತವರು ಇರಲಿಲ್ಲ.

ಅವರು ಅದರ ಮಾತು ಎತ್ತುವುದೇ ಕಡಿಮೆ. ಸಿಗಂದೂರಿಗೆ ಹೋಗಲು ಹಿನ್ನೀರನ್ನು ಲಾಂಚಿನಲ್ಲಿ ದಾಟುತ್ತಿದ್ದ ಕಾಲದಲ್ಲಿ ನಾವೆಲ್ಲ ಕಟಾಂಜನಕ್ಕೆ ಆತು ನೀರು ನೋಡುತ್ತಿದ್ದರೆ ಅತ್ತೆ ನಟ್ಟನಡುವೆ ಕೂತು ಕೈಚೀಲದ ಬಾಯಿ ಬಿಚ್ಚುವುದು, ಕಟ್ಟುವುದು ಮಾಡುತ್ತಿದ್ದರು. ಒಂದು ಸಲವೂ ತಲೆಯೆತ್ತಿದ್ದು ನಾನು ಕಾಣೆ. 2025ರಲ್ಲಿ ಸೇತುವೆಯಾದ ಮೇಲೆ ಕಾರು ಭರ್ರೆಂದು ದಾಟುತ್ತದೆ, ಅವರಿಗೆ ಅದು ಎಷ್ಟೋ ಸಮಾಧಾನ. ನೀರು ಇಳಿದ ಬೇಸಗೆಗಳಲ್ಲಿ ಹಿರೇಭಾಸ್ಕರದ ಹಳೆಯ ಕಟ್ಟೆ ಮೇಲೆ ಕಾಣಿಸುತ್ತದೆ. ಜನ ಜೀಪು ಮಾಡಿಕೊಂಡು ನೋಡಲು ಹೋಗುತ್ತಾರೆ. ಹೋಗೋಣವೇ ಎಂದು ನಾನೊಮ್ಮೆ ಕೇಳಿದೆ. ‘ಬಿಸಿಲು’ ಎಂದರು.

ಟೋಬರ್ಮೊರಿಯಿಂದ ಬಂದ ರಾತ್ರಿ ಮಗಳು ಉತ್ಸಾಹದಲ್ಲಿ ಅಜ್ಜಿಗೆ ಫೋನು ಹಚ್ಚಿದಳು. ಹಡಗಿನ ಕಥೆಯೆಲ್ಲ ಹೇಳಿ, ‘ಅಜ್ಜೀ, ನಿನ್ನ ಅಪ್ಪನ ಮನೆ ಎಲ್ಲಿದೆ ಹೇಳು. ಒಂದು ದಿನ ಇಳಿದು ನೋಡಿ ಬರ್ತೀನಿ’ ಅಂದುಬಿಟ್ಟಳು. ನನ್ನ ಎದೆ ಧಸಕ್ಕೆಂದಿತು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅತ್ತೆ, ‘ಎಂತ ಇದ್ದು ಕೂಸೇ ಅಲ್ಲಿ? ಹಂಚು, ತೊಲೆ, ಬಾಗಿಲು ಎಲ್ಲ ಅಪ್ಪಯ್ಯ ಕಿತ್ತು ಗಾಡಿಗೆ ಹಾಕಿದ. ನೆಲದಲ್ಲಿ ಹೂತ ಒರಳು ಒಂದು ಬರಲಿಲ್ಲ’ ಎಂದರು. ಮತ್ತೆ ಸುಮ್ಮನಾದರು. ‘ನೋಡುವುದಾದರೆ ನೋಡು. ನನಗೆ ಹೇಳಬೇಡ.’

ನಾನು ಆ ರಾತ್ರಿ ಮಗಳಿಗೆ ಬೈದೆ. ಅವಳೂ ಬಿಡಲಿಲ್ಲ. ‘ಅಜ್ಜಿ ಬೇಡ ಅನ್ನಲಿಲ್ಲವಲ್ಲ’ ಎಂದಳು. ಅದೂ ನಿಜ. ನಿದ್ದೆ ಬರದೆ ಯೋಚಿಸಿದೆ. ಅರವತ್ತು ವರ್ಷ ಅತ್ತೆ ನೀರಿನತ್ತ ನೋಡದೆ ಇದ್ದದ್ದನ್ನು ನಾವು ಗೌರವಿಸಿದೆವು ಎಂದುಕೊಂಡಿದ್ದೆವು. ಗೌರವಿಸಿದೆವೋ, ನಮಗೂ ಅದೇ ಅನುಕೂಲವಾಗಿತ್ತೋ? ನಾನು ಈ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಆ ಹಳ್ಳಿಯ ಮನೆಗೆ ಎಷ್ಟು ಅಂಕಣ, ಬಾವಿ ಯಾವ ಕಡೆ ಎಂದು ಕೇಳಿರಲಿಲ್ಲ. ಕೇಳಿದರೆ ನೋವಾದೀತು ಎಂಬುದು ಹೇಳಿಕೊಳ್ಳಲು ಒಳ್ಳೆಯ ಕಾರಣ. ಕೇಳಿಸಿಕೊಂಡರೆ ನನಗೂ ಒಂದಿಷ್ಟು ಹೊರಬೇಕಾದೀತು ಎಂಬುದು ನಿಜವಾದ ಕಾರಣವಿದ್ದೀತು. ಇಣುಕುವವರನ್ನು ಬೈಯುವ ನಾನು ಆ ಕಡೆ ತಿರುಗಿಯೇ ನೋಡಿದವಳಲ್ಲ. ಆ ಗಂಟೆಯ ಹೆಂಗಸರು ಚಿತ್ರ ಬೇಡವೆಂದರು, ಗಂಟೆ ಬೇಕೆಂದರು. ಅವರಿಗೆ ಏನು ಬೇಕೆಂದು ಯಾರೋ ಒಬ್ಬರು ಕೂತು ಕೇಳಿರಲೇಬೇಕು.

ಮಗಳು ಲಿಂಗನಮಕ್ಕಿಗೆ ಇಳಿಯುವುದು ಆಗದ ಮಾತು. ಜಲಾಶಯಕ್ಕೆ ಹಾಗೆ ಯಾರೂ ಇಳಿಯಬಿಡುವುದಿಲ್ಲ; ನಮ್ಮ ಮಲೆನಾಡಿನ ಮಳೆ ತೊಳೆದು ತರುವ ಕೆಂಪುಮಣ್ಣಿನಲ್ಲಿ ತನ್ನ ಕೈಯೇ ತನಗೆ ಕಾಣಲಿಕ್ಕಿಲ್ಲ ಎಂದು ಅವಳೂ ಒಪ್ಪುತ್ತಾಳೆ. ಆದರೂ ಮಾತು ಆಡಿ ಆಗಿತ್ತು.

ಈ ಚಳಿಗಾಲ ಅವಳು ಊರಿಗೆ ಬಂದಾಗ ಅತ್ತೆ ಜಗಲಿಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಮಗಳು ಪಕ್ಕದಲ್ಲಿ ಕೂತು, ಈ ಸಲ ಹೆದರಿಕೊಂಡೇ, ‘ಹಡಗಿನ ಫೋಟೋ ಇದೆ ಅಜ್ಜಿ, ತೋರಿಸಲಾ?’ ಎಂದಳು. ಅತ್ತೆ ಕನ್ನಡಕ ಸರಿಮಾಡಿಕೊಂಡು ಮೊಬೈಲನ್ನು ದೂರ ಹಿಡಿದು ಬಹಳ ಹೊತ್ತು ನೋಡಿದರು. ಹಲಗೆಯ ಸಾಲಿನ ಮೇಲೆ ಬೆರಳಾಡಿಸಿದರು. ಚಿತ್ರ ದೊಡ್ಡದಾಗಿ ಗಾಬರಿಯಾಗಿ ಕೈ ತೆಗೆದರು.

‘ಒಳಗೆ ಹೋಗಿದ್ದೆಯನೇ?’

‘ಇಲ್ಲ ಅಜ್ಜಿ. ಹೊರಗಿಂದ ನೋಡಿದ್ದಷ್ಟೆ.’

‘ಅಡ್ಡಿಲ್ಲೆ’ ಎಂದು ಮೊಬೈಲನ್ನು ವಾಪಸು ಕೊಟ್ಟರು. ಹತ್ತಿಯ ಎಳೆ ಬಿಡಿಸಿ ಇನ್ನೊಂದು ಬತ್ತಿ ಹೊಸೆದು ತಟ್ಟೆಗೆ ಹಾಕಿದರು.

‘ಒರಳು ಹಿತ್ತಿಲ ಬದಿಗಿತ್ತು. ಬಚ್ಚಲಿಂದ ನಾಲ್ಕು ಹೆಜ್ಜೆ’ ಎಂದರು, ತಟ್ಟೆಯನ್ನೇ ನೋಡುತ್ತ. ನಾನು ಒಲೆಯ ಮೇಲಿನ ಹಾಲು ಮರೆತು ಅಲ್ಲೇ ಹೊಸ್ತಿಲ ಬಳಿ ಕೂತೆ.